ನನ್ನ ಹದಿನಾರು ಪುಟ, ಕಸ್ತೂರಿಯ ಒಂದು ಧ್ವನಿ

ಈ ಏಪ್ರಿಲ್‌ನ ಒಂದು ಮಧ್ಯಾಹ್ನ ಅಥಣಿ ರಸ್ತೆಯ ನಮ್ಮ ಹೊಸ ಬಡಾವಣೆಯಲ್ಲಿ ನಾಯಿಗಳೂ ನೆರಳು ಬಿಟ್ಟು ಏಳದಂಥ ಬಿಸಿಲಿತ್ತು. ಕಿಟಕಿಗೆ ಒದ್ದೆ ಚಾದರ ಕಟ್ಟಿಕೊಂಡು ನಾನು ವಾರಪತ್ರಿಕೆಯೊಂದಕ್ಕೆ ಲೇಖನ ತಿದ್ದುತ್ತ ಕುಳಿತಿದ್ದೆ. ದೂರದಿಂದ ಧ್ವನಿವರ್ಧಕ ಕಟ್ಟಿಕೊಂಡ ಟಂಟಂ ಆಟೊ ಒಂದು ಬಂತು.

“ಕೇಳ್ರೆವ್ವಾ ಕೇಳ್ರಿ! ಶ್ಯಾವಿಗಿ ಕಾಯಾಕ ಮುದಕ್ಯಾರನ್ನ ಕೂಡಸ್ರಿ, ಮಕ್ಕಳನ್ನ ಶಿಬಿರಕ್ಕ ಕಳಸ್ರಿ!”

ಮೂರು ವರ್ಷಗಳ ಬಳಿಕ ಕೇಳಿದ ಧ್ವನಿ ಅದು. ಯಾರದೆಂದು ನೆನಪಾಗುವ ಮೊದಲೇ ಹೊಟ್ಟೆಯೊಳಗೆ ಏನೋ ಹೊತ್ತಿಕೊಂಡಿತು. ನಾಚಿಕೆ ಬಂದದ್ದು ಆಮೇಲೆ, ಪಶ್ಚಾತ್ತಾಪ ಇನ್ನೂ ಆಮೇಲೆ. ಮೊದಲು ಬಂದದ್ದು ಹೊಟ್ಟೆಕಿಚ್ಚು. ಈ ಅನುಕ್ರಮವನ್ನು ಇದ್ದಂತೆಯೇ ಬರೆಯುತ್ತಿದ್ದೇನೆ. ಎಲ್ಲರಿಂದ ಉತ್ತರ ಕೇಳುವುದನ್ನೇ ವೃತ್ತಿ ಮಾಡಿಕೊಂಡವಳು ತನ್ನ ಉತ್ತರವನ್ನು ಸೋಸಿ ಕೊಡಬಾರದು.

ಮೂರು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ನಾನು ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿ ಮುಗಿಸಿ ಜೋರಾಪುರ ಪೇಟೆಯ ನಮ್ಮ ಹಳೆಯ ಮನೆಗೆ ಮರಳಿದ್ದೆ. ವಿಶ್ವವಿದ್ಯಾಲಯದಲ್ಲಿ ನನಗೊಂದು ಹೆಸರಿತ್ತು. ವಸತಿ ನಿಲಯದ ನೀರಿನ ಟ್ಯಾಂಕನ್ನು ಕೊನೆಯ ಬಾರಿ ಯಾವಾಗ ತೊಳೆದಿರಿ ಎಂದು ಮೇಲ್ವಿಚಾರಕರನ್ನು ಎಲ್ಲರೆದುರು ಕೇಳಿದವಳು ನಾನು. ಪತ್ರಿಕೆಯೊಂದು ನಮ್ಮ ಪ್ರತಿಭಟನೆಯ ಚಿತ್ರದ ಕೆಳಗೆ ತಪ್ಪು ಹೆಸರು ಹಾಕಿದಾಗ ಮೂರು ದಿನ ಅದರ ಕಚೇರಿಗೆ ಅಲೆದು ತಿದ್ದುಪಡಿ ಮುದ್ರಿಸುವಂತೆ ಮಾಡಿದವಳೂ ನಾನೇ. “ಹೆಸರು ಮನುಷ್ಯನ ಮೊದಲ ಹಕ್ಕು” ಎಂದು ಆ ಸಂಪಾದಕರಿಗೆ ನಾನು ಹೇಳಿದ್ದೆ. ಆ ವಾಕ್ಯ ನನಗೇ ಬಹಳ ಮೆಚ್ಚಿಗೆಯಾಗಿತ್ತು.

ಪೇಟೆಯ ವ್ಯಾಪಾರಿಗಳು ಸೇರಿ ಕಟ್ಟಿದ್ದ ಸೇವಾ ಸಂಸ್ಥೆಯೊಂದು ಆ ವರ್ಷ ಬಬಲೇಶ್ವರದಲ್ಲಿ ಇಪ್ಪತ್ತೊಂದು ದಿನಗಳ ಮಕ್ಕಳ ಬೇಸಿಗೆ ಶಿಬಿರ ನಡೆಸಲು ಹೊರಟಿತ್ತು. ಅದು ಮುಗಿದ ಮೇಲೆ ಟಿಕೋಟಾದಲ್ಲಿ ಇನ್ನೊಂದು. ಸಂಸ್ಥೆಯ ಕಾರ್ಯದರ್ಶಿ ಸಿದ್ರಾಮಪ್ಪ ಕಾಕಾ ನಮ್ಮ ಓಣಿಯವರು, ಬಟ್ಟೆ ಅಂಗಡಿಯವರು. ಒಂದು ದಿನ ನನ್ನನ್ನು ಕರೆದು ಪ್ರಚಾರದ ಹೊಣೆ ವಹಿಸಿದರು.

“ನೋಡವ್ವಾ, ನೀ ಕಲ್ತಾಕಿ. ದಿನಾ ಪೇಪರ್ನ್ಯಾಗ ನಮ್ಮ ಶಿಬಿರದ್ದು ಏನರೆ ಬರಬೇಕು. ಬರೇ ಸುದ್ದಿ ಅಲ್ಲ, ಫೋಟೋ ಸಹಿತ.”

ನಾನು ವಾರವಿಡೀ ಕುಳಿತು ಹದಿನಾರು ಪುಟಗಳ ಯೋಜನೆ ಸಿದ್ಧಪಡಿಸಿದೆ. ಯಾರಿಗೆ ಹೇಳಬೇಕು, ಏನು ಹೇಳಬೇಕು, ಯಾವ ದಿನ ಹೇಳಬೇಕು. ಪತ್ರಿಕಾ ಪ್ರಕಟಣೆ ಎಷ್ಟು, ವಾಟ್ಸ್ಆ್ಯಪ್ ಗುಂಪುಗಳು ಯಾವುವು, ಮೊಬೈಲಿಗೆ ಅರ್ಧ ನಿಮಿಷದ ವಿಡಿಯೊ ಎಷ್ಟು. ವರದಿಗಾರರನ್ನು ಶಿಬಿರಕ್ಕೆ ಕರೆಯುವುದು ಯಾವಾಗ. ಕೊನೆಯ ಪುಟದಲ್ಲಿ ಬಣ್ಣದ ಗೆರೆಗಳ ವೇಳಾಪಟ್ಟಿ. ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ನಡೆದ ಮೊದಲ ಸಭೆಯಲ್ಲಿ ಎಲ್ಲರಿಗೂ ಒಂದೊಂದು ಪ್ರತಿ ಹಂಚಿದೆ.

ಅಲ್ಲಿಯೇ ಕಸ್ತೂರಿಯನ್ನು ಮೊದಲು ನೋಡಿದ್ದು. ಬಬಲೇಶ್ವರದ ಪಕ್ಕದ ಜೈನಾಪುರದವಳು, ನನ್ನ ವಯಸ್ಸಿನವಳೇ. ಪದವಿಯನ್ನು ಎರಡನೇ ವರ್ಷಕ್ಕೆ ಬಿಟ್ಟು ಮನೆಯಲ್ಲಿ ಜಂಪರು ಹೊಲಿಯುತ್ತಿದ್ದಳು. ಮಕ್ಕಳಿಗೆ ಹಾಡು ಕಲಿಸಲೆಂದು ಸಂಸ್ಥೆ ಅವಳನ್ನು ಶಿಬಿರಕ್ಕೆ ಕರೆದಿತ್ತು. ಬೆರಳು ಒದ್ದೆ ಮಾಡಿಕೊಂಡು ನನ್ನ ಹದಿನಾರೂ ಪುಟಗಳನ್ನು ತಿರುವಿದಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ ತಿರುವಿದಳು.

“ಅಕ್ಕಾರ, ಎಲ್ಲಾ ಚೊಲೋ ಐತ್ರಿ. ಇದರಾಗ ಶ್ಯಾವಿಗಿ ಮಷಿನ್ ಎಲ್ಲೈತ್ರಿ?”

“ಯಾವ ಮಷಿನ್?”

“ಶ್ಯಾವಿಗಿ ಮಷಿನ್ನರಿ. ಈಗ ಹಳ್ಳ್ಯಾಗ ಅವ್ವಗೋಳು ಎಲ್ಲಾರೂ ಅಲ್ಲೇ ಪಾಳಿ ಹಚ್ಚಿ ಕುಂತಿರ್ತಾರು. ಪೇಪರ್ನವರಿಗಿ ಹೇಳ್ತೀರಿ, ಫೋನಿನವರಿಗಿ ಹೇಳ್ತೀರಿ. ಮತ್ತ ಅವ್ವಗೋಳಿಗಿ ಹೇಳಾವ್ರು ಯಾರ್ರಿ?”

ಹಿರಿಯರೆಲ್ಲ ನಕ್ಕರು. ಸಿದ್ರಾಮಪ್ಪ ಕಾಕಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಹದಿನಾರು ಪುಟಗಳನ್ನು ಮತ್ತೆ ಓದಿದೆ. ತಾಯಂದಿರು ಎಂಬ ಪದವೇ ಅದರಲ್ಲಿ ಇರಲಿಲ್ಲ. ಆ ಕ್ಷಣ ಅವಳ ಮೇಲೆ ನನಗೆ ಹುಟ್ಟಿದ್ದು ಗೌರವವಲ್ಲ.

ಹೆಸರು ನೋಂದಾಯಿಸುವ ವಾರ ಬಂತು. ಧ್ವನಿವರ್ಧಕದ ಪ್ರಕಟಣೆಯನ್ನು ನಾನೇ ಬರೆದು, ಮನೆಯಲ್ಲಿ ತಲೆಯ ಮೇಲೆ ರಗ್ಗು ಹೊದ್ದುಕೊಂಡು, ನನ್ನದೇ ದನಿಯಲ್ಲಿ ಧ್ವನಿಮುದ್ರಣ ಮಾಡಿದೆ. ‘ಸಮಸ್ತ ಪಾಲಕ ಬಂಧುಗಳಲ್ಲಿ ಸವಿನಯ ವಿನಂತಿ. ಮಕ್ಕಳ ಸರ್ವತೋಮುಖ ವಿಕಾಸದ ಸದುದ್ದೇಶದಿಂದ...’ ಎಂದು ಅದು ಆರಂಭವಾಗುತ್ತಿತ್ತು. ಟಂಟಂ ಚಾಲಕ ಶ್ರೀಶೈಲ ಎರಡು ದಿನ ಅದನ್ನು ಬಬಲೇಶ್ವರ, ಜೈನಾಪುರಗಳ ಓಣಿ ಓಣಿಗಳಲ್ಲಿ ತಿರುಗಿಸಿ ಬಂದ.

“ಅಕ್ಕಾರ, ನಿಮ್ಮ ಆವಾಜ್ ಕೇಳಿ ಮಂದಿ ಎದ್ದ ನಿಂತ್ರು ನೋಡ್ರಿ!”

“ಹೌದಾ?”

“ಹೂನ್ರಿ. ಯಾರೋ ದೊಡ್ಡವ್ರು ತೀರಿಕೊಂಡಾರ ಅಂತ ತಿಳಕೊಂಡ್ರು.”

ಎರಡು ದಿನಕ್ಕೆ ಒಂಬತ್ತು ಮಕ್ಕಳು ಹೆಸರು ಕೊಟ್ಟಿದ್ದರು. ನನ್ನ ಪತ್ರಿಕಾ ಪ್ರಕಟಣೆ ನಾಲ್ಕನೆಯ ಪುಟದ ತಳದಲ್ಲಿ ಮೂರು ಸಾಲಾಗಿ ಬಂದಿತ್ತು. ಜನರಿಗೆ ಶಿಕ್ಷಣದ ಮಹತ್ವ ತಿಳಿದಿಲ್ಲ ಎಂದು ನಾನು ಸಭೆಯಲ್ಲಿ ಬೇಸರಪಟ್ಟೆ. ಕಸ್ತೂರಿ ತಲೆಯಾಡಿಸಿದಳು.

“ತಿಳೀದ ಅಲ್ಲರಿ ಅಕ್ಕಾರ. ಶ್ಯಾವಿಗಿ ಒಣಗಾಕತ್ತಾವ.”

ವಿವರಿಸಿದ ಮೇಲೆ ಗೊತ್ತಾಯಿತು. ಬೇಸಿಗೆಯ ಆ ದಿನಗಳಲ್ಲಿ ಪ್ರತಿ ಮನೆಯ ಮಾಳಿಗೆ, ಅಂಗಳ, ಹೊರಸು ಮಂಚದ ಮೇಲೆ ವರ್ಷಕ್ಕಾಗುವಷ್ಟು ಶಾವಿಗೆ, ಹಪ್ಪಳ, ಸಂಡಿಗೆ ಒಣಗುತ್ತಿರುತ್ತವೆ. ಬೆಳಗಿನಿಂದ ಕಾಗೆ ಗುಬ್ಬಿ ಆಡುಗಳನ್ನು ಓಡಿಸುತ್ತ ಅವುಗಳನ್ನು ಕಾಯುವುದು ಮಕ್ಕಳ ಕೆಲಸ. ನಮ್ಮ ಶಿಬಿರ ನಡೆಯಬೇಕಿದ್ದದ್ದು ಅದೇ ಹೊತ್ತಿನಲ್ಲಿ. ನಮ್ಮ ಮನೆಯ ಮಾಳಿಗೆಯ ಮೇಲೂ ಅವು ಒಣಗುತ್ತಿದ್ದವು. ಚಿಕ್ಕವಳಿದ್ದಾಗ ಕೋಲು ಹಿಡಿದು ಅವನ್ನು ಕಾಯ್ದವಳು ನಾನು. ಆದರೂ ಮರೆತಿದ್ದೆ, ಅಥವಾ ಅಂಥದ್ದನ್ನು ಯೋಜನೆಯಲ್ಲಿ ಬರೆಯಬಹುದೆಂದು ನನಗೆ ಯಾರೂ ಕಲಿಸಿರಲಿಲ್ಲ.

ಕಸ್ತೂರಿ ಶ್ರೀಶೈಲನ ಟಂಟಂನಲ್ಲೇ ಕುಳಿತು, ಕಾಗದವಿಲ್ಲದೆ, ಒಂದೇ ಉಸಿರಿಗೆ ಧ್ವನಿಮುದ್ರಣ ಮಾಡಿಸಿದಳು.

“ಕೇಳ್ರೆವ್ವಾ ಕೇಳ್ರಿ! ಶ್ಯಾವಿಗಿ ಕಾಯಾಕ ಮುದಕ್ಯಾರನ್ನ ಕೂಡಸ್ರಿ, ಮಕ್ಕಳನ್ನ ಶಿಬಿರಕ್ಕ ಕಳಸ್ರಿ! ಹಾಡ ಐತಿ, ಆಟ ಐತಿ, ಮಧ್ಯಾಹ್ನ ಊಟಾನೂ ಐತಿ. ಹೊಳ್ಳಿ ಮನಿ ಮುಟ್ಟಸೂ ಜವಾಬ್ದಾರಿ ನಂದು. ನಾ ಜೈನಾಪುರದ ಕಸ್ತೂರಿ ಹೇಳಾಕತ್ತೇನಿ!”

ಮೂರನೆಯ ದಿನಕ್ಕೆ ಮಕ್ಕಳ ಸಂಖ್ಯೆ ಎಂಬತ್ತು ದಾಟಿತು. ಆ ಧ್ವನಿಮುದ್ರಣ ಮೊಬೈಲಿನಿಂದ ಮೊಬೈಲಿಗೆ ಹಾರಿ ಜೋರಾಪುರ ಪೇಟೆಯನ್ನೂ ಮುಟ್ಟಿತು. ಓಣಿಯ ಹುಡುಗರು ಕ್ರಿಕೆಟ್ ಆಡುತ್ತ ‘ಕೇಳ್ರೆವ್ವಾ ಕೇಳ್ರಿ’ ಎಂದು ಕೂಗತೊಡಗಿದರು. ಒಂದು ಬೆಳಿಗ್ಗೆ ಅವ್ವ ಹಪ್ಪಳದ ಹಿಟ್ಟು ನಾದುತ್ತ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು.

“ಆ ಹುಡುಗಿ ದನಿ ಕೇಳಿಯೇನ ಬೇ? ಮನಿ ಮಗಳು ಮಾತಾಡಿದಂಗ ಐತಿ ನೋಡ.”

ಮನೆಯ ಮಗಳು ಅವಳ ಎದುರಿಗೇ ಕುಳಿತು ಹಪ್ಪಳ ಲಟ್ಟಿಸುತ್ತಿದ್ದಳು.

ಆ ದಿನಗಳ ನನ್ನ ಮನಸ್ಸನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಶಿಬಿರದಲ್ಲಿ ಯಾವ ಮಗು ಅವಳ ಕೈ ಹಿಡಿಯಿತು, ಯಾವುದು ನನ್ನನ್ನು ‘ಮೇಡಂ’ ಎಂದು ಕರೆದು ದೂರ ನಿಂತಿತು ಎಂದು ಗಮನಿಸುವುದೇ ನನ್ನ ಕೆಲಸವಾಯಿತು. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅವಳಂತೆ ಕೂಗಿ ನೋಡಿದೆ. ಅದು ನನ್ನದೂ ಭಾಷೆಯೇ. ಮನೆಯಲ್ಲಿ, ಓಣಿಯಲ್ಲಿ ನಾನು ಮಾತನಾಡುವುದೂ ಹಾಗೆಯೇ. ಆದರೆ ಮೈಕು ಎಂಬುದನ್ನು ನೆನೆದೊಡನೆ ನನ್ನ ಗಂಟಲಿಗೆ ಒಂದು ವೇದಿಕೆ, ಒಂದು ಮೇಜು, ಒಂದು ಹೂಗುಚ್ಛ ಬಂದು ನಿಲ್ಲುತ್ತಿದ್ದವು. ಐದು ವರ್ಷ ಓದಿ ನಾನು ಸಂಪಾದಿಸಿದ್ದು ಇದನ್ನೇ ಎಂಬ ಸಂಶಯ ಬಂದಾಗಲೆಲ್ಲ ಕಸ್ತೂರಿಯ ಮೇಲೆ ಇನ್ನಷ್ಟು ಸಿಟ್ಟಾಗುತ್ತಿದ್ದೆ.

ಜೈನಾಪುರದಿಂದ ಹನ್ನೊಂದು ಹುಡುಗಿಯರು ಬರುತ್ತಿದ್ದರು. ಕಸ್ತೂರಿ ಬೆಳಿಗ್ಗೆ ಮನೆ ಮನೆಗೆ ಹೋಗಿ ಕರೆದು, ಟಂಟಂನಲ್ಲಿ ಜೊತೆಗೆ ಕುಳಿತು ಕರೆತರುತ್ತಿದ್ದಳು. ಮಧ್ಯಾಹ್ನ ಹಾಗೆಯೇ ಮುಟ್ಟಿಸುತ್ತಿದ್ದಳು. ಅವರಿಂದ ಒಂದು ಗೋಡೆ ಪತ್ರಿಕೆ ಬರೆಸಬೇಕೆಂಬುದು ನನ್ನ ಯೋಜನೆಯ ಹನ್ನೆರಡನೆಯ ಪುಟದಲ್ಲಿತ್ತು. ‘ಪರಿಸರ’, ‘ಸ್ವಚ್ಛತೆ’ ಎಂಬ ವಿಷಯಗಳನ್ನು ನಾನು ಕೊಟ್ಟೆ. ಮಕ್ಕಳು ಪೆನ್ನು ಕಚ್ಚುತ್ತ ಕುಳಿತವು. ಕಸ್ತೂರಿ ಬಂದು, “ಲೇ, ನಿಮ್ಮ ಮನ್ಯಾಗ ನಿನ್ನೆ ಏನಾತು ಅದನ್ನ ಬರೀರಿ” ಎಂದಳು. ಹಾಳೆಗಳು ತುಂಬಿದವು. ಕುರಿ ಕಾಯುವ ಮನೆಯ ಹುಡುಗಿ ಮಾಳವ್ವ, ಆಗ ಏಳನೆಯ ತರಗತಿ ಮುಗಿಸಿದ್ದವಳು, ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಳು:

‘ಊರಾಗ ಹುಡುಗೋರು ಆಡೂ ಬಯಲ ಐತಿ. ಹುಡುಗ್ಯಾರು ಆಡೂ ಬಯಲ ಇಲ್ಲ. ನಾವು ಎಲ್ಲಿ ಆಡಬೇಕು ಅಂತ ಅಪ್ಪನ್ನ ಕೇಳಿದೆ. ಅಪ್ಪ ಕುರಿ ಎಣಿಸಾಕತ್ತಿದ್ದ, ಉತ್ತರ ಹೇಳಲಿಲ್ಲ. ನಾಳಿಗಿ ಮತ್ತ ಕೇಳ್ತೀನಿ.’

ಆ ಐದು ಸಾಲುಗಳನ್ನು ನಾನು ಎರಡು ಸಲ ಓದಿದೆ. ಪ್ರಶ್ನೆ, ಪ್ರಶ್ನೆಗೆ ಗುರಿಯಾದವನು, ಉತ್ತರ ಸಿಗದ ಸಂಗತಿ, ಬೆನ್ನು ಬಿಡದ ಹಟ: ವರದಿಗಾರಿಕೆಯ ತರಗತಿಯಲ್ಲಿ ನಮಗೆ ಎರಡು ವರ್ಷ ಹೇಳಿಕೊಟ್ಟದ್ದೆಲ್ಲ ಅಲ್ಲಿತ್ತು. ಅದು ಹುಟ್ಟಿದ್ದು ಕಸ್ತೂರಿಯ ಒಂದು ಮಾತಿನಿಂದ.

ಅದೇ ವಾರ ಸಿದ್ರಾಮಪ್ಪ ಕಾಕಾ ಇನ್ನೊಂದು ಸುದ್ದಿ ಹೇಳಿದರು. ಶಿಬಿರಗಳ ಬಳಿಕ ಸಂಸ್ಥೆ ವರ್ಷವಿಡೀ ಹಳ್ಳಿಯ ಮಕ್ಕಳಿಗಾಗಿ ವಾಚನ ಕೇಂದ್ರ ನಡೆಸಲಿದೆ. ನಮ್ಮಿಬ್ಬರಲ್ಲಿ ಒಬ್ಬಳನ್ನು ಮಾತ್ರ ಅದಕ್ಕೆ ಇರಿಸಿಕೊಳ್ಳುತ್ತದೆ. ಜಿಲ್ಲಾ ಪುಟದ ವರದಿಗಾರರು ಹದಿನೇಳನೆಯ ದಿನ ಶಿಬಿರಕ್ಕೆ ಬರುವುದು ನಿಶ್ಚಯವಾಗಿತ್ತು. ಆ ಹುಡುಗಿಯರು ತಮ್ಮ ಗೋಡೆ ಪತ್ರಿಕೆಯನ್ನು ಅವರೆದುರು ಓದಬೇಕಿತ್ತು. ಓದಿದರೆ ವರದಿಗಾರರು ‘ಇದನ್ನು ಕಲಿಸಿದವರು ಯಾರು’ ಎಂದು ಕೇಳುತ್ತಾರೆ. ಹನ್ನೊಂದು ಬೆರಳುಗಳು ಒಂದೇ ಕಡೆಗೆ ತೋರಿಸುತ್ತವೆ. ಹದಿನಾರನೆಯ ದಿನ ಸಂಜೆ ನಾನು ಕಸ್ತೂರಿಯನ್ನು ಕರೆದೆ.

“ನಾಳಿಗಿ ನೀ ಟಿಕೋಟಾಕ್ಕ ಹೋಗಬೇಕವ್ವಾ. ಮುಂದಿನ ಶಿಬಿರದ ಕರಪತ್ರ ಹಂಚೂದೈತಿ.”

“ನಾಳಿಗೇ ಯಾಕ್ರಿ? ಪೇಪರ್ನವರು ಬರ್ತಾರಂದಿದ್ರಿ. ಹುಡುಗ್ಯಾರು ಓದೂದೈತಿ.”

“ಅದನ್ನ ನಾ ನೋಡ್ಕೋತೀನಿ. ಟಿಕೋಟಾದಾಗ ನಿನ್ನ ಮಾತ ನಡದಂಗ ನಂದು ನಡೆಯೂದಿಲ್ಲ.”

ಹೊಗಳಿಕೆಯಿಂದಲೂ ಮನುಷ್ಯರನ್ನು ಹೊರಗೆ ದೂಡಬಹುದು. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು.

“ಆತ ಬಿಡ್ರಿ. ಹುಡುಗ್ಯಾರ ಹೆಸರ ಮಾತ್ರ ಬರೀಸ್ರಿ ಅಕ್ಕಾರ. ಪೇಪರ್ನ್ಯಾಗ ಬರತೈತಿ ಅಂತ ಮನಿಮನಿಗಿ ಹೇಳಿ ಬಂದೇನಿ.”

“ಹೂಂ,” ಎಂದೆ.

ಮರುದಿನ ಜೈನಾಪುರದ ಟಂಟಂ ಖಾಲಿ ಬಂತು.

“ಹುಡುಗ್ಯಾರು ಎಲ್ಲಿ ಶ್ರೀಶೈಲ?”

“ಗಾಡಿ ಹತ್ತಿದ್ರರಿ. ಅವ್ವಗೋಳು ಬಂದು ಇಳಿಸಿಕೊಂಡ್ರು. ಕಸ್ತೂರಿ ಎಲ್ಲದಾಳ ಅಂದ್ರು. ಟಿಕೋಟಾಕ್ಕ ಹೋಗ್ಯಾಳ ಅಂದ್ನಿ. ಹಂಗಾದ್ರ ಇವತ್ತ ಶ್ಯಾವಿಗಿ ಕಾಯ್ಲಿ ಬಿಡ ಅಂದ್ರು. ನೀವ ಒಮ್ಮಿ ಬರ್ರಿ ಅಕ್ಕಾರ. ನಿಮ್ಮನ್ನ ನೋಡಿದ್ರ ಕಳಸ್ತಾರು. ಹೋಗಿ ಬರಾಕ ಎಷ್ಟೊತ್ತ?”

ವರದಿಗಾರರು ಬರಲು ಇನ್ನೂ ಎರಡು ಗಂಟೆ ಇತ್ತು. ಹೋಗಬಹುದಿತ್ತು. ತಾಯಂದಿರ ಎದುರು ನಿಂತು ‘ಕಸ್ತೂರಿಯ ಬದಲು ನಾನು ಜವಾಬ್ದಾರಿ’ ಎನ್ನಬೇಕಿತ್ತು. ಆ ಮಾತು ನನ್ನ ಬಾಯಿಂದ ಬಂದರೆ ಅವರು ಒಪ್ಪುತ್ತಾರೋ ಇಲ್ಲವೋ ಎಂಬ ಪರೀಕ್ಷೆ ನನಗೆ ಬೇಡವಾಗಿತ್ತು. ವ್ಯವಸ್ಥೆ ನೋಡಬೇಕು ಎಂದು ಹೇಳಿ ಒಳಗೆ ಹೋದೆ.

ಸ್ವಲ್ಪ ಹೊತ್ತಿಗೆ ಎರಡು ಕಾರುಗಳಲ್ಲಿ ಸಿದ್ರಾಮಪ್ಪ ಕಾಕಾ ಅವರ ಮೊಮ್ಮಗಳು, ಅವಳ ಗೆಳತಿಯರು ಇಸ್ತ್ರಿ ಮುರಿಯದ ಬಟ್ಟೆ ತೊಟ್ಟು ಶಿಬಿರ ನೋಡಲು ಬಂದಿಳಿದರು. ಗೋಡೆ ಪತ್ರಿಕೆಯ ಮುಂದಿನ ಖಾಲಿ ಜಮಖಾನೆಯನ್ನು ಕಾಕಾ ನೋಡಿದರು.

“ಇವ್ರನ್ನ ಕೂಡಸವ್ವಾ. ಮಕ್ಕಳಂದ್ರ ಮಕ್ಕಳು. ಫೋಟೋದಾಗ ಊರಿನ ಹೆಸರ ಕಾಣೂದಿಲ್ಲ.”

ನಾನು ಕೂಡಿಸಿದೆ. ಮೊಮ್ಮಗಳ ಕೈಗೆ ಕೋಲು ಕೊಟ್ಟು, ಮಾಳವ್ವನ ಕೆಂಪು ಅಕ್ಷರಗಳ ಕಡೆ ತೋರಿಸುವಂತೆ ನಿಲ್ಲಿಸಿದವಳೂ ನಾನೇ. ಬೆಳಕು ಚೆನ್ನಾಗಿತ್ತು. ವರದಿಗಾರರು ಐದು ಸಾಲು ಓದಿ ಬೆರಗಾದರು.

“ಇದನ್ನ ಬರದಾಕಿ ಇಕೀನ ಏನ್ರಿ?”

“ನನ್ನ ಮೊಮ್ಮಗಳ್ರೀ. ಭಾಳ ಶಾಣ್ಯಾ ಅದಾಳ,” ಎಂದರು ಕಾಕಾ.

ವರದಿಗಾರರು ನನ್ನ ಕಡೆ ನೋಡಿದರು. ಪ್ರಚಾರದ ಹೊಣೆ ಹೊತ್ತವಳು ನಾನು, ದೃಢೀಕರಿಸಬೇಕಾದವಳು ನಾನು. “ನಮ್ಮ ಶಿಬಿರದ ಮಕ್ಕಳು ಬರೆದ ಪತ್ರಿಕೆ, ಸರ್” ಎಂದೆ. ಆ ವಾಕ್ಯದಲ್ಲಿ ಒಂದು ಸುಳ್ಳನ್ನೂ ಹುಡುಕಲು ಸಾಧ್ಯವಿಲ್ಲ. ಅಂಥ ವಾಕ್ಯಗಳನ್ನು ಬೇರೆಯವರು ಹೇಳಿದಾಗ ಬಯಲಿಗೆಳೆಯುವುದನ್ನೇ ನಾನು ವಿಶ್ವವಿದ್ಯಾಲಯದಲ್ಲಿ ಮಾಡುತ್ತಿದ್ದೆ.

ಚಿತ್ರ ದೊಡ್ಡದಾಗಿಯೇ ಬಂತು. ಅದರ ಕೆಳಗೆ ಮೊಮ್ಮಗಳ ಹೆಸರು, ಅದರ ಕೆಳಗೆ ಮಾಳವ್ವನ ಸಾಲುಗಳು, ವರದಿಯ ಕೊನೆಯಲ್ಲಿ ಶಿಬಿರದ ಸಂಯೋಜಕಿಯೆಂದು ನನ್ನ ಹೆಸರು. ಕಸ್ತೂರಿ ಬೆಳಿಗ್ಗೆಯೇ ಬಬಲೇಶ್ವರದ ಬಸ್ ನಿಲ್ದಾಣಕ್ಕೆ ಹೋಗಿ ಪತ್ರಿಕೆ ಕೊಂಡು, ಮಡಿಕೆ ಬಿಚ್ಚದೆ, ಜೈನಾಪುರದ ಶಾವಿಗೆ ಮಷಿನ್ನಿನ ಮುಂದೆ ತಂದಿದ್ದಳಂತೆ. ಎಲ್ಲ ತಾಯಂದಿರೂ ಕೂಡಿದ ಮೇಲೆಯೇ ಬಿಚ್ಚಬೇಕೆಂದು ಹಾಗೆ ಮಾಡಿದ್ದಳು. ಮುಂದಿನದನ್ನು ಶ್ರೀಶೈಲ ನನಗೆ ಹೇಳಿದ. ಮಾಳವ್ವ ಪತ್ರಿಕೆಯ ಮೇಲೆ ಬೆರಳಿಟ್ಟು, “ಇದು ನಾ ಬರದದ್ದ. ಇಕಿ ಯಾರ?” ಎಂದು ಕೇಳಿದಳು. ಅವಳ ಅವ್ವ ಹಿಟ್ಟಿನ ಕೈಯನ್ನು ಒರೆಸಿಕೊಳ್ಳದೆ ಕಸ್ತೂರಿಯ ಕಡೆ ತಿರುಗಿದಳು.

“ನೀನೂ ಪ್ಯಾಟಿ ಮಂದಿ ಕೂಡ ಕೂಡಿದೇನ ಬೇ ಕಸ್ತೂರಿ?”

ಮರುದಿನ ಹನ್ನೊಂದರಲ್ಲಿ ನಾಲ್ವರು ಬಂದರು. ಅದರ ಮರುದಿನ ಯಾರೂ ಬರಲಿಲ್ಲ. ನಾನು ಅಸೂಯೆಪಟ್ಟಿದ್ದ ಆ ತಾಯಂದಿರ ನಂಬಿಕೆಯೇ ಮುರಿದು ಬಿದ್ದಿತ್ತು. ಕಸ್ತೂರಿ ಶಿಬಿರಕ್ಕೆ ಬಂದು ನನ್ನ ಮೇಜಿನ ಮುಂದೆ ನಿಂತಳು.

“ಹೆಸರ ಬರೀಸ್ರಿ ಅಂದಿದ್ನಿ.”

“ಪತ್ರಿಕೆಯವ್ರ ಕಡೆ ಏನೋ ಗೊಂದಲ ಆಗೇತಿ...”

“ಹೂಂ ಅಂದಿದ್ರಿ ಅಕ್ಕಾರ.”

ಅಷ್ಟೇ ಹೇಳಿ ಹೋದಳು. ಮುಕ್ತಾಯ ಸಮಾರಂಭಕ್ಕೆ ಅವಳು ಬರಲಿಲ್ಲ. ಪತ್ರಿಕೆಯ ತುಣುಕುಗಳನ್ನು ಅಂಟಿಸಿ ನಾನು ಸಿದ್ಧಪಡಿಸಿದ ಕಡತ ದಪ್ಪವಾಗಿತ್ತು. ಮೊದಲ ಪುಟದಲ್ಲೇ ಆ ಚಿತ್ರ. ವಾಚನ ಕೇಂದ್ರದ ಕೆಲಸ ನನಗೆ ಸಿಕ್ಕಿತು. ಹತ್ತು ತಿಂಗಳು ಮಾಡಿದೆ. ಜೈನಾಪುರದ ಒಂದು ಹುಡುಗಿಯೂ ಅಲ್ಲಿಗೆ ಬರಲಿಲ್ಲ. ‘ಉನ್ನತ ಅವಕಾಶಗಳ ನಿಮಿತ್ತ’ ಎಂದು ಬರೆದು ರಾಜೀನಾಮೆ ಕೊಟ್ಟೆ. ಅದೂ ಸುಳ್ಳು ಹುಡುಕಲಾಗದ ವಾಕ್ಯ.

ಆ ಸಂಸ್ಥೆಯ ಹಿರಿಯರನ್ನು ನಾನು ಇವತ್ತು ಕೇಳುತ್ತೇನೆ: ಶಿಬಿರ ಯಾರಿಗಾಗಿ ನಡೆಯಿತು? ಮಕ್ಕಳಿಗಾಗಿಯೇ ಆದರೆ, ಬಾರದೆ ಹೋದ ಹನ್ನೊಂದು ಮಕ್ಕಳ ಬಗ್ಗೆ ವಾರ್ಷಿಕ ವರದಿಯಲ್ಲಿ ಒಂದು ಸಾಲೂ ಏಕಿಲ್ಲ? ಆ ವರದಿಗಾರರನ್ನು ಕೇಳುತ್ತೇನೆ: ಚಿತ್ರದಲ್ಲಿದ್ದ ಹುಡುಗಿಗೆ ಆ ಐದು ಸಾಲು ಓದಲು ಒಮ್ಮೆ ಹೇಳಿದ್ದರೆ ಸಾಕಿತ್ತು, ಏಕೆ ಹೇಳಲಿಲ್ಲ? ಕೇಳುವ ಹಕ್ಕು ನ್ಯಾಯವಾದದ್ದು. ಆದರೆ ಉತ್ತರ ಕೊಡಬೇಕಾದವರ ಸಾಲಿನಲ್ಲಿ ಮೊದಲು ನಿಂತವಳು ನಾನು. ನನ್ನನ್ನು ದಾಟದೆ ಆ ಪ್ರಶ್ನೆಗಳು ಅವರನ್ನು ಮುಟ್ಟುವುದಿಲ್ಲ.

ಹೀಗಾಗಿ ಈ ಏಪ್ರಿಲ್‌ನಲ್ಲಿ ಆ ಧ್ವನಿ ಮನೆಯ ಮುಂದೆ ಹಾಯ್ದಾಗ ಲೇಖನ ಬಿಟ್ಟು ಬಿಸಿಲಿಗೆ ಓಡಿದೆ. ಶ್ರೀಶೈಲನೇ ಇದ್ದ.

“ಓಹೋ ಅಕ್ಕಾರ! ಎಷ್ಟ ಬಡಕಲ ಆಗೀರಿ!”

“ಕಸ್ತೂರಿ ಎಲ್ಲದಾಳ?”

“ಊರಾಗ ಅದಾಳ್ರಿ. ಈ ಸಲದ ಶಿಬಿರ ಆಕೀದ. ಅವ್ವಗೋಳು ಕೂಡಿ ನಡಸಾಕತ್ತಾರ. ಟಿಕೋಟಾದಾಗ ಒಂದು, ಜೈನಾಪುರದಾಗ ಒಂದು.”

ಮರುದಿನ ಬೆಳಿಗ್ಗೆ ಜೈನಾಪುರಕ್ಕೆ ಹೋದೆ. ಶಾವಿಗೆ ಮಷಿನ್ನಿನ ಮುಂದೆ ಹೆಂಗಸರು ಪಾಳಿ ಹಚ್ಚಿ ಕುಳಿತಿದ್ದರು. ಕೋಲುಗಳ ಮೇಲೆ ಎಳೆ ಎಳೆಯಾಗಿ ಇಳಿಬಿದ್ದ ಹಸಿ ಶಾವಿಗೆಯ ಗೋಧಿ ವಾಸನೆ ಗಾಳಿಯಲ್ಲಿತ್ತು. ಕಸ್ತೂರಿ ಬೇವಿನ ಮರಕ್ಕೆ ಧ್ವನಿವರ್ಧಕ ಕಟ್ಟಿಸುತ್ತಿದ್ದಳು. ನನ್ನನ್ನು ಕಂಡು ಬೆಚ್ಚಲಿಲ್ಲ.

“ಬರ್ರಿ ಅಕ್ಕಾರ. ಹದಿನಾರ ಪುಟ ತಂದೀರೇನ್ರಿ?”

“ತಪ್ಪಾತು ಅಂತ ಹೇಳಾಕ ಬಂದೇನಿ.”

“ನನಗ್ಯಾಕ ಹೇಳ್ತೀರಿ? ಟಿಕೋಟಾಕ್ಕ ಯಾಕ ಕಳಿಸಿದ್ರಿ ಅಂತ ನನಗ ಅವತ್ತ ಗೊತ್ತಾಗಿತ್ತು. ಇವ್ರಿಗಿ ಗೊತ್ತಿಲ್ಲ. ಒಂದ ವರ್ಷ ಮನಿಮನಿಗಿ ಹೋಗಿ ನಂದ ತಪ್ಪಾತು ಅಂತ ಹೇಳೇನಿ.”

“ನನ್ನ ಹೆಸರ ಯಾಕ ಹೇಳಲಿಲ್ಲ?”

ಅವಳು ಮೊದಲ ಸಲ ಜೋರಾಗಿ ನಕ್ಕಳು.

“ಏನಂತ ಹೇಳ್ಲಿರಿ? ಅಷ್ಟ ಕಲ್ತಾಕಿ, ಜಂಪರ ಹೊಲ್ಯೂ ಕಸ್ತೂರಿ ಮ್ಯಾಲ ಹೊಟ್ಟಿಕಿಚ್ಚ ಪಟ್ಟಾಳ ಅಂತ ಹೇಳ್ಲ್ಯಾ? ಯಾರ ನಂಬತಾರು?” ಮೈಕನ್ನು ನನ್ನ ಕೈಗಿಟ್ಟಳು. “ನೀವ ಹೇಳ್ರಿ. ನಿಮ್ಮ ಬಾಯಿಲೆ ಕೇಳಿದ್ರ ನಂಬಬಹುದು.”

ಗಂಟಲಿಗೆ ಮತ್ತೆ ಆ ವೇದಿಕೆ, ಆ ಮೇಜು, ಆ ಹೂಗುಚ್ಛ ಬಂದವು. ಅವನ್ನು ದೂಡಿ ಮನೆಯ ಮಾತಿನಲ್ಲೇ ಹೇಳಿದೆ.

“ಮೂರ ವರ್ಷದ ಹಿಂದ ಪೇಪರ್ನ್ಯಾಗ ಮಾಳವ್ವನ ಬದಲಿ ಬ್ಯಾರೆ ಹುಡುಗಿ ಫೋಟೋ ಬಂದಿತ್ತಲ್ಲ, ಆ ಹುಡುಗಿನ್ನ ಅಲ್ಲಿ ನಿಂದರಿಸಿದಾಕಿ ನಾನು. ಕಸ್ತೂರಿದು ಏನೂ ತಪ್ಪಿಲ್ಲ. ಆಕಿ ಅಲ್ಲಿ ಇರಬಾರದು ಅಂತ ಟಿಕೋಟಾಕ್ಕ ಕಳಿಸಿದ್ನಿ. ಆಕಿ ಮ್ಯಾಲ ನನಗ ಹೊಟ್ಟಿಕಿಚ್ಚಿತ್ತು.”

ಯಾರೋ ಮಷಿನ್ ನಿಲ್ಲಿಸಿದರು. ಮಾಳವ್ವನ ಅವ್ವ ಎದ್ದು ಬಂದಳು.

“ಮೈಕ್ ಬಂದ ಮಾಡವ್ವಾ, ಊರೆಲ್ಲಾ ಕೇಳಾಕತ್ತೈತಿ.”

“ಕೇಳ್ಲಿ ಬಿಡ ಯವ್ವಾ,” ಎಂದಳು ಕಸ್ತೂರಿ.

ಹೆಂಗಸರ ಹಿಂದಿನಿಂದ ಎತ್ತರದ ಹುಡುಗಿಯೊಬ್ಬಳು ಮುಂದೆ ಬಂದಳು. ಮಾಳವ್ವ. ಈಗ ಹತ್ತನೆಯ ತರಗತಿ ಮುಗಿಸಿದ್ದಾಳೆ. ಮಾತು ಮುಗಿಸುವಷ್ಟರಲ್ಲಿ ನನಗೆ ಬಂದಿದ್ದ ಕಣ್ಣೀರಿನ ಕಡೆ ಅವಳ ಗಮನವಿರಲಿಲ್ಲ.

“ಪೇಪರ್ನ್ಯಾಗ ಬಂದದ್ದು ಬಾಯಿಲೆ ಹೇಳಿದ್ರ ಹೆಂಗ್ರಿ? ಪೇಪರ್ನ್ಯಾಗ ಬರೀರಿ. ನನ್ನ ಹೆಸರ ಹಾಕಿ.”

ಅಂದು ಮೂರು ದಿನ ಪತ್ರಿಕಾ ಕಚೇರಿಗೆ ಅಲೆದ ನನ್ನನ್ನೇ ನಾನು ಎದುರಿಗೆ ಕಂಡಂತಾಯಿತು. ಬರೆಯುತ್ತೇನೆ ಎಂದೆ. “ಹೂಂ” ಎಂಬುದನ್ನು ಈ ಸಲ ಬಳಸಲಿಲ್ಲ. ಕಸ್ತೂರಿ ನನ್ನ ಕೈಯಿಂದ ಮೈಕು ತೆಗೆದುಕೊಂಡಳು.

“ಕೇಳ್ರೆವ್ವಾ ಕೇಳ್ರಿ! ಅಕ್ಕಾರು ಪೇಪರ್ನ್ಯಾಗ ಬರೀತಾರಂತ. ಬಂದದ್ದು ಕಣ್ಣಿಲೆ ನೋಡೂತನಾ ಇವರಿಗಿ ಯಾರೂ ಒಂದ ಎಳಿ ಶ್ಯಾವಿಗಿ ಕೊಡಬ್ಯಾಡ್ರಿ! ನಾ ಜೈನಾಪುರದ ಕಸ್ತೂರಿ ಹೇಳಾಕತ್ತೇನಿ!”

ಊರೇ ನಕ್ಕಿತು. ಮಾಳವ್ವನ ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಮಷಿನ್ ಮತ್ತೆ ಶುರುವಾಯಿತು. ನಾನು ಮೂರು ವರ್ಷ ಹೊತ್ತು ತಿರುಗಿದ್ದನ್ನು, ಅದಕ್ಕೆ ತಕ್ಕ ಶಿಕ್ಷೆಯನ್ನು, ಆ ಶಿಕ್ಷೆಗೊಂದು ಗಡುವನ್ನು ಅವಳು ನಿಂತ ನಿಲುವಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದಳು. ಹೊಟ್ಟೆಯೊಳಗೆ ಅದೇ ಕಿಚ್ಚು, ಅದೇ ಜಾಗದಲ್ಲಿ, ಮತ್ತೆ ಹೊತ್ತಿಕೊಂಡಿತು. ಅದು ಆರಿದೆ ಎಂದು ನಾನು ಬರೆಯುವುದಿಲ್ಲ.

ಬರೆಯಬೇಕಾದದ್ದು ಇಷ್ಟು. ಮೂರು ವರ್ಷಗಳ ಹಿಂದೆ ಪತ್ರಿಕೆಯಲ್ಲಿ ಬಂದ ಬಬಲೇಶ್ವರದ ಬೇಸಿಗೆ ಶಿಬಿರದ ಚಿತ್ರದಲ್ಲಿ ಕಾಣುವ ‘ಹುಡುಗ್ಯಾರು ಆಡೂ ಬಯಲ ಇಲ್ಲ’ ಎಂಬ ವಾರ್ತೆಯನ್ನು ಬರೆದವಳು ಜೈನಾಪುರದ ಮಾಳವ್ವ. ಬರೆಯಲು ಕೂಡಿಸಿದವಳು ಅದೇ ಊರಿನ ಕಸ್ತೂರಿ. ಅವರಿಬ್ಬರೂ ಆ ಚಿತ್ರದಲ್ಲಿ ಇಲ್ಲದಂತೆ ಮಾಡಿದವಳು ನಾನು.

ಈ ಪತ್ರಿಕೆಯ ಒಂದು ಪ್ರತಿ ಜೈನಾಪುರದ ಶಾವಿಗೆ ಮಷಿನ್ನಿಗೆ ಹೋಗುತ್ತದೆ. ಉಳಿದದ್ದು ಅಲ್ಲಿ ಪಾಳಿಯಲ್ಲಿ ಕುಳಿತವರಿಗೆ ಬಿಟ್ಟದ್ದು.